ಕಾಗದ ಹೇಳಿದ ಬೇಳೆಯ ಗುಟ್ಟು

ಹುಲಸೂರಿನ ಯಾವುದಾದರೊಂದು ಕಿರಾಣಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬೀಳದಿರದು. “ಬ್ಯಾಳಿ ಚಲೋ ಅದಾವ್ರಿ?” ಎಂದು ಕೊಳ್ಳಲು ಬಂದಾಕೆ ಕೇಳುತ್ತಾಳೆ. “ಒಂದು ಹರಳ ಸಿಗಂಗಿಲ್ಲ, ಒಯ್ರಿ ಅಕ್ಕಾರ” ಎಂದು ಅಂಗಡಿಯಾತ ಹೇಳುತ್ತಾನೆ. ಆದರೂ ಆಕೆ ಒಂದು ಹಿಡಿ ಬೇಳೆಯನ್ನು ಅಂಗೈಗೆ ಸುರಿದುಕೊಂಡು, ಬೆಳಕಿಗೆ ಹಿಡಿದು, ಬೆರಳಿನಿಂದ ಆಡಿಸಿ ನೋಡಿಯೇ ಚೀಲ ಒಡ್ಡುವಳು. ಮನೆಗೆ ಹೋದಮೇಲೆ ಮತ್ತೊಮ್ಮೆ ಮೊರದಲ್ಲಿ ಹಾಕಿ ಆರಿಸುವಳು. ಬೀದರ ಜಿಲ್ಲೆಯ ಈ ಮೂಲೆಯಲ್ಲಿ ಜೋಳದ ರೊಟ್ಟಿಯೂ ತೊಗರಿಯ ಬೇಳೆಯೂ ದಿನದ ಅನ್ನ. ಅದರ ಪರೀಕ್ಷೆಯಲ್ಲಿ ಯಾರೂ ಉದಾಸೀನರಲ್ಲ.

ಆದರೆ ಕಣ್ಣು ಮಾಡುವ ಪರೀಕ್ಷೆಗೆ ಒಂದು ಮೇರೆಯುಂಟು. ಹರಳು, ಹುಳು, ಕಸ ಇಷ್ಟು ಕಣ್ಣಿಗೆ ಕಾಣುತ್ತವೆ. ಬೇಳೆಯ ಒಳಗೆ ದೇಹಕ್ಕೆ ಒದಗುವುದು ಎಷ್ಟು, ಒದಗದಿರುವುದು ಎಷ್ಟು, ಕೇಡು ಮಾಡುವುದು ಏನಾದರೂ ಇದೆಯೆ ಎಂಬುದನ್ನು ಯಾವ ಮೊರವೂ ಹೇಳಲಾರದು. ತೊಗರಿಯ ಬೇಳೆಯ ಜೊತೆಗೆ ಕೇಸರಿ ಬೇಳೆಯನ್ನು ಬೆರಸಿಟ್ಟರೆ ಅನುಭವಸ್ಥರೂ ಒಮ್ಮೊಮ್ಮೆ ಮೋಸಹೋಗುತ್ತಾರೆ. ಬಣ್ಣ ಹೆಚ್ಚುಕಡಿಮೆ ಒಂದೇ, ರುಚಿಯೂ ಅಷ್ಟೇನೂ ಬೇರೆಯಲ್ಲ. ಆದರೆ ಒಂದು ಮನುಷ್ಯನನ್ನು ನಡೆಸುತ್ತದೆ. ಇನ್ನೊಂದು, ತಿಂಗಳುಗಟ್ಟಲೆ ಅದೇ ಮುಖ್ಯ ಆಹಾರವಾದರೆ, ಅವನ ಕಾಲುಗಳನ್ನೇ ಕಸಿದುಕೊಳ್ಳಬಲ್ಲದು. ಈ ಭೇದವು ಎಲ್ಲಿ ಅಡಗಿದೆ ಎಂಬುದನ್ನು ತೋರಿಸಿಕೊಟ್ಟ ವಿದ್ಯೆ ಯಾವುದು? ಆ ವಿದ್ಯೆಯ ಒಂದು ಮುಖ್ಯ ಅಧ್ಯಾಯವು ನಮ್ಮ ರಾಜ್ಯದ ಇನ್ನೊಂದು ತುದಿಯಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ, ಎರಡು ಗಾಜಿನ ತಟ್ಟೆಗಳ ನಡುವೆ ಇಟ್ಟ ಒಂದು ದುಂಡು ಕಾಗದದ ಮೇಲೆ ಬರೆಯಲ್ಪಟ್ಟಿತು.

ಮೊದಲು ಪ್ರೋಟೀನು ಎಂದರೇನೆಂಬುದನ್ನು ನೋಡಬೇಕು. ಬೀದರದ ಕಡೆಯ ಹೆಣ್ಣುಮಕ್ಕಳ ಕೊರಳಿನ ಬೋರಮಾಳವನ್ನು ಕಣ್ಣಮುಂದೆ ತಂದುಕೊಂಡರೆ ಅರ್ಧ ಪಾಠ ಮುಗಿದಂತೆ. ಬೋರಮಾಳದಲ್ಲಿ ಗುಂಡುಗಳೆಲ್ಲ ಒಂದೇ ಬಗೆ. ಪ್ರೋಟೀನೆಂಬ ಸರದಲ್ಲಿ ಇಪ್ಪತ್ತು ಬಗೆಯ ಗುಂಡುಗಳಿವೆ. ಅವೇ ಅಮೈನೋ ಆಮ್ಲಗಳು. ಲೈಸಿನ್, ಲ್ಯೂಸಿನ್, ಮಿಥಿಯೊನಿನ್, ಟ್ರಿಪ್ಟೋಫ್ಯಾನ್ ಮೊದಲಾದುವು ಅವುಗಳ ಹೆಸರು. ಹೊಟ್ಟೆಗೆ ಹೋದ ಬೇಳೆಯ ಸರವನ್ನು ಶರೀರವು ಕಡಿದು, ಗುಂಡುಗಳನ್ನು ಬಿಡಿಸಿ, ತನಗೆ ಬೇಕಾದ ಹೊಸ ಸರಗಳನ್ನು ಪೋಣಿಸಿಕೊಳ್ಳುತ್ತದೆ. ಅವುಗಳಲ್ಲಿ ಕೆಲವನ್ನು ತಾನೇ ತಯಾರಿಸಿಕೊಳ್ಳಬಲ್ಲದು. ಉಳಿದವು ಊಟದಿಂದಲೇ ಬರಬೇಕು. ಜೋಳದಲ್ಲಿ ಲೈಸಿನ್ ಕಡಿಮೆ, ತೊಗರಿಯಲ್ಲಿ ಅದು ಧಾರಾಳ. ತೊಗರಿಯಲ್ಲಿ ಮಿಥಿಯೊನಿನ್ ಕೊರತೆ, ಜೋಳವು ಅದನ್ನಷ್ಟು ತುಂಬಿಕೊಡುತ್ತದೆ. ರೊಟ್ಟಿ ಬೇಳೆಗಳ ಜೋಡಿಯನ್ನು ಯಾವ ಪಂಡಿತನೂ ಕೂಡಿಸಲಿಲ್ಲ, ಹುಲಸೂರಿನ ಅಜ್ಜಿಯರು ಕೂಡಿಸಿದರು. ಪ್ರಯೋಗಶಾಲೆ ಆಮೇಲೆ ಬಂದು ಲೆಕ್ಕ ಹಾಕಿ ಒಪ್ಪಿಕೊಂಡಿತು.

ಆ ಲೆಕ್ಕ ಹಾಕುವುದು ಹೇಗೆ? ದಾರಿ ಸರಳವೆಂದು ಕಾಣುತ್ತದೆ: ಸರವನ್ನು ಕಡಿ, ಗುಂಡುಗಳನ್ನು ಬಗೆಬಗೆಯಾಗಿ ವಿಂಗಡಿಸು, ಎಣಿಸು. ಕಡಿಯುವುದು ಕಷ್ಟವಲ್ಲ. ಕಾಳಿನಿಂದ ತೆಗೆದ ಪ್ರೋಟೀನನ್ನು ತೀಕ್ಷ್ಣವಾದ ಹೈಡ್ರೊಕ್ಲೋರಿಕ್ ಆಮ್ಲದೊಡನೆ ಗಾಜಿನ ನಳಿಗೆಯಲ್ಲಿ ಮುಚ್ಚಿ, 110 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಒಂದು ಹಗಲು ಒಂದು ರಾತ್ರಿ ಇಟ್ಟರೆ ಸರವೆಲ್ಲ ಬಿಡಿಬಿಡಿಯಾಗುತ್ತದೆ. (ಒಂದು ಅನಾಹುತವೂ ಆಗುತ್ತದೆ. ಟ್ರಿಪ್ಟೋಫ್ಯಾನೆಂಬ ಸುಕುಮಾರ ಗುಂಡು ಈ ಕುದಿತದಲ್ಲಿ ಸತ್ತೇಹೋಗುತ್ತದೆ. ಅದನ್ನು ಅಳೆಯಬೇಕಾದರೆ ಆಮ್ಲಕ್ಕೆ ಬದಲು ಕ್ಷಾರದಲ್ಲಿ ಬೇರೆಯಾಗಿಯೇ ಕುದಿಸಬೇಕು.) ಕಷ್ಟವಿರುವುದು ವಿಂಗಡಿಸುವುದರಲ್ಲಿ. ಹದಿನೇಳು ಹದಿನೆಂಟು ಬಗೆಯ ಅಮೈನೋ ಆಮ್ಲಗಳು ಒಂದೇ ನೀರಿನಲ್ಲಿ ಕರಗಿ ಕುಳಿತಿರುತ್ತವೆ. ಬಣ್ಣವಿಲ್ಲ, ಗುರುತಿಲ್ಲ, ಒಂದರ ಸ್ವಭಾವ ಇನ್ನೊಂದಕ್ಕೆ ಬಲು ಹತ್ತಿರ. ಹಳೆಯ ರಸಾಯನಶಾಸ್ತ್ರಜ್ಞರು ಒಂದೊಂದನ್ನು ಬೇರ್ಪಡಿಸಲು ಸೇರುಗಟ್ಟಲೆ ಪದಾರ್ಥವನ್ನೂ ತಿಂಗಳುಗಟ್ಟಲೆ ಕಾಲವನ್ನೂ ವ್ಯಯಿಸುತ್ತಿದ್ದರು.

ಇದಕ್ಕೆ ಪರಿಹಾರ ಬಂದುದು ಉಣ್ಣೆಯ ಕೈಗಾರಿಕೆಗಾಗಿ ದುಡಿಯುತ್ತಿದ್ದ ಇಂಗ್ಲೆಂಡಿನ ಒಂದು ಪ್ರಯೋಗಶಾಲೆಯಿಂದ. ಉಣ್ಣೆಯೂ ಪ್ರೋಟೀನೇ ತಾನೆ! 1944ರಲ್ಲಿ ಕಾನ್ಸ್‌ಡನ್, ಗಾರ್ಡನ್, ಮಾರ್ಟಿನ್ ಎಂಬ ಮೂವರು ಸೋಸುವ ಕಾಗದದ ಪಟ್ಟಿಯ ಮೇಲೆ ಈ ಮಿಶ್ರಣದ ಒಂದು ತೊಟ್ಟನ್ನಿಟ್ಟು, ಕಾಗದದ ತುದಿಯನ್ನು ತಕ್ಕ ದ್ರವದಲ್ಲಿ ಅದ್ದಿದರು. ಮಕ್ಕಳ ಲೆಕ್ಕದ ಪುಸ್ತಕದ ಮೇಲೆ ಶಾಯಿಯೂ ನೀರೂ ಚೆಲ್ಲಿದಾಗ ಬಣ್ಣಗಳು ಬೇರೆ ಬೇರೆ ದೂರಕ್ಕೆ ಹರಿದುಹೋಗುವುದನ್ನು ಕಾಣದವರಿಲ್ಲ. ಇಲ್ಲಿಯೂ ನಡೆದುದು ಅದೇ. ದ್ರವವು ಕಾಗದದಲ್ಲಿ ಹರಿಯುತ್ತ ಅಮೈನೋ ಆಮ್ಲಗಳನ್ನು ಎಳೆದುಕೊಂಡು ಹೋಯಿತು. ಕಾಗದದಲ್ಲಿನ ನೀರಿನ ಮೇಲೆ ಮೋಹ ಹೆಚ್ಚಾದುವು ಹಿಂದುಳಿದುವು, ದ್ರವದ ಜೊತೆಗೆ ಸ್ನೇಹ ಹೆಚ್ಚಾದುವು ಮುಂದೆ ಓಡಿದುವು. ಆಮೇಲೆ ಕಾಗದವನ್ನು ಒಣಗಿಸಿ, ನಿನ್‌ಹೈಡ್ರಿನ್ ಎಂಬ ಔಷಧವನ್ನು ಸಿಂಪಡಿಸಿ ಬಿಸಿಮಾಡಿದರೆ ಕಾಣದವುಗಳೆಲ್ಲ ನೇರಳೆಯ ಬೊಟ್ಟುಗಳಾಗಿ ಮೂಡಿದುವು. ಈ ವಿಭಜನೆಯ ತತ್ತ್ವವನ್ನು ಕಂಡುಹಿಡಿದ ಮಾರ್ಟಿನ್ ಮತ್ತು ಸಿಂಜ್ ಅವರಿಗೆ 1952ರಲ್ಲಿ ನೊಬೆಲ್ ಪಾರಿತೋಷಿಕವು ದೊರೆಯಿತು. ಕ್ರೊಮಟೋಗ್ರಫಿ ಎಂದು ಇದರ ಹೆಸರು; ಕನ್ನಡದಲ್ಲಿ ವರ್ಣರೇಖನವೆನ್ನಬಹುದು.

ನಿನ್‌ಹೈಡ್ರಿನ್ನಿನ ಚೇಷ್ಟೆಯೊಂದನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ಕಾಗದವನ್ನು ಬರಿಗೈಯಲ್ಲಿ ಮುಟ್ಟಿದ ವಿದ್ಯಾರ್ಥಿಗೆ, ಔಷಧ ಸಿಂಪಡಿಸಿದ ಮೇಲೆ, ತನ್ನ ಬೆರಳಚ್ಚೇ ನೇರಳೆಯಾಗಿ ಎದುರು ನಿಂತು ನಗುತ್ತದೆ. ಬೆವರಿನಲ್ಲಿಯೂ ಅಮೈನೋ ಆಮ್ಲಗಳಿರುವುದೇ ಇದಕ್ಕೆ ಕಾರಣ. ಪ್ರಯೋಗಶಾಲೆಯಲ್ಲಿ ತಪ್ಪೆನಿಸಿದ ಇದೇ ಗುಣವನ್ನು 1954ರಿಂದೀಚೆಗೆ ಪೋಲೀಸರು ಕಳ್ಳರ ಕೈಗುರುತನ್ನು ಪತ್ತೆಹಚ್ಚಲು ಬಳಸಿಕೊಂಡರು.

ಇನ್ನು ಬೆಂಗಳೂರಿಗೆ ಬರೋಣ. 1950ರ ದಶಕದ ಆರಂಭದಲ್ಲಿ ವಿಜ್ಞಾನ ಮಂದಿರದ ಜೀವರಸಾಯನ ವಿಭಾಗದಲ್ಲಿ ಕೆ. ವಿ. ಗಿರಿಯವರೂ ಅವರ ಸಂಗಡಿಗರೂ ಈ ಕಾಗದದ ವಿದ್ಯೆಯನ್ನು ಕೈಗೆತ್ತಿಕೊಂಡರು. ಪಟ್ಟಿಯ ವಿಧಾನಕ್ಕೆ ಎತ್ತರದ ಜಾಡಿಗಳು ಬೇಕು, ದ್ರವವು ಮೆಲ್ಲನೆ ಹರಿಯುವುದನ್ನು ರಾತ್ರಿಯೆಲ್ಲ ಕಾಯಬೇಕು, ಬೊಟ್ಟುಗಳು ಒಂದರ ಮೇಲೊಂದು ಹರಡಿಕೊಳ್ಳುವುದೂ ಉಂಟು. ದ್ರವವನ್ನು ದುಂಡು ಕಾಗದದ ನಡುವಿನಿಂದ ಸುತ್ತಲೂ ಹರಿಯಿಸಬಹುದೆಂದು ರಟ್ಟರ್ ಎಂಬ ಇಂಗ್ಲಿಷ್ ವಿಜ್ಞಾನಿ 1948ರಲ್ಲಿ ಸೂಚಿಸಿದ್ದರು. ಗಿರಿಯವರ ಬಳಗವು ಆ ಸೂಚನೆಯನ್ನು ಹಿಡಿದು, ತಿದ್ದಿ, ಅಮೈನೋ ಆಮ್ಲಗಳ ಪರೀಕ್ಷೆಗೆ ಒಗ್ಗಿಸಿ ಪೂರ್ಣವಾದೊಂದು ವಿಧಾನವನ್ನಾಗಿ ಮಾಡಿತು. 1952ರಲ್ಲಿ ಗಿರಿ ಮತ್ತು ರಾವ್ ಅವರ ಬರಹವು ಇಂಗ್ಲೆಂಡಿನ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಅವರ ಸಲಕರಣೆಯನ್ನು ನೋಡಿದರೆ ಇದೇನು ಪ್ರಯೋಗಶಾಲೆಯೋ ಅಡಿಗೆಮನೆಯೋ ಎನ್ನಿಸಬೇಕು. ಒಂದು ದುಂಡನೆಯ ಸೋಸುಕಾಗದ. ಅದರ ನಡುವೆ ಒಂದು ಪುಟ್ಟ ವೃತ್ತವನ್ನು ಪೆನ್ಸಿಲಿನಿಂದ ಬರೆದು, ಆ ವೃತ್ತದ ಸುತ್ತ ಒಂದೆಡೆ ಬೇಳೆಯ ರಸದ ತೊಟ್ಟು, ಪಕ್ಕದಲ್ಲಿ ಹೆಸರು ಗೊತ್ತಿರುವ ಅಮೈನೋ ಆಮ್ಲಗಳ ತೊಟ್ಟುಗಳು. ಕಾಗದದ ನಟ್ಟನಡುವೆ ದೀಪದ ಬತ್ತಿಯಂತಹ ಒಂದು ಕಾಗದದ ಬತ್ತಿ. ಅದು ಕೆಳಗಿನ ತಟ್ಟೆಯ ದ್ರವದಲ್ಲಿ ಅದ್ದಿರುತ್ತದೆ. ಮೇಲೆ ಇನ್ನೊಂದು ತಟ್ಟೆಯನ್ನು ಕವುಚಿ ಮುಚ್ಚಿದರೆ ಮುಗಿಯಿತು. ಬತ್ತಿಯು ಎಣ್ಣೆಯನ್ನು ಹೀರುವಂತೆ ದ್ರವವನ್ನು ಹೀರಿಕೊಳ್ಳುತ್ತದೆ; ಚಂದ್ರನ ಸುತ್ತ ಕಣ ಕಟ್ಟಿದಂತೆ ಒದ್ದೆಯ ವಲಯವು ಹಿಗ್ಗುತ್ತ ಹೋಗುತ್ತದೆ. ಕೆಲವು ಗಂಟೆಗಳಲ್ಲಿ ಕೆಲಸ ತೀರುತ್ತದೆ. ನಿನ್‌ಹೈಡ್ರಿನ್ ಬಿದ್ದೊಡನೆ ಬೊಟ್ಟುಗಳಿಗೆ ಬದಲಾಗಿ ಬಿಲ್ಲಿನಾಕಾರದ ತೆಳುವಾದ ಗೆರೆಗಳು ಏಳುತ್ತವೆ. ಗೆರೆ ತೆಳುವಾದಷ್ಟೂ ಪಕ್ಕದ ಗೆರೆಯೊಡನೆ ಬೆರೆಯುವ ಭಯ ಕಡಿಮೆ. ಬೇಳೆಯ ಗೆರೆಯೂ ಪಕ್ಕದ ಲೈಸಿನ್ನಿನ ಗೆರೆಯೂ ಒಂದೇ ಕಮಾನಿನಲ್ಲಿ ಕೂಡಿಕೊಂಡರೆ ಬೇಳೆಯಲ್ಲಿ ಲೈಸಿನ್ ಇದೆಯೆಂದಾಯಿತು. ಎಷ್ಟಿದೆ ಎಂದು ತಿಳಿಯಬೇಕಾದರೆ ಆ ಗೆರೆಯನ್ನು ಕತ್ತರಿಯಿಂದ ಕತ್ತರಿಸಿ, ಬಣ್ಣವನ್ನು ಮದ್ಯಸಾರದಲ್ಲಿ ಕರಗಿಸಿ, ಬಣ್ಣದ ಗಾಢತೆಯನ್ನು ಅಳೆದರೆ ಸರಿ. ದುಬಾರಿಯ ಯಂತ್ರಗಳಿಲ್ಲದ ದೇಶಕ್ಕೆ ಇದಕ್ಕಿಂತ ಒಪ್ಪುವ ಉಪಾಯವುಂಟೆ? ಅದೇ ಕಾಲಕ್ಕೆ ಅಮೆರಿಕದ ರಾಕ್‌ಫೆಲರ್ ಸಂಸ್ಥೆಯಲ್ಲಿ ಮೂರ್ ಮತ್ತು ಸ್ಟೈನ್ ಎಂಬುವರು ರಾಳದ ಕಂಬಗಳ ಮೂಲಕ ಈ ಮಿಶ್ರಣವನ್ನು ಹರಿಯಿಸಿ, 1958ರ ಹೊತ್ತಿಗೆ ಸ್ಪ್ಯಾಕ್‌ಮನ್ನನೊಡನೆ ತಾನೇ ತಾನಾಗಿ ಅಳೆದು ಗೆರೆ ಬರೆಯುವ ಯಂತ್ರವನ್ನು ನಿರ್ಮಿಸಿದರು. ಯಂತ್ರ ಹೆಚ್ಚು ನಿಖರವಾದುದು, ಸಂದೇಹವಿಲ್ಲ. ಆದರೆ ಅದು ಎಲ್ಲರ ಕೈಗೆ ಎಟಕುವಂತಹುದಾಗಿರಲಿಲ್ಲ.

ಎಣಿಕೆಯಿಂದಲೇ ಎಂತಹ ಪ್ರಶ್ನೆಗಳು ಏಳಬಹುದೆಂಬುದಕ್ಕೆ ಜೋಳವೇ ಸಾಕ್ಷಿ. ದಖನ್ನಿನ ಪ್ರಸ್ಥಭೂಮಿಯಲ್ಲಿ ಜೋಳವನ್ನೇ ನೆಚ್ಚಿದ ಬಡವರಲ್ಲಿ ಪೆಲ್ಲಾಗ್ರ ಎಂಬ ರೋಗ ಕಾಣಿಸಿಕೊಳ್ಳುತ್ತಿತ್ತು. ಬಿಸಿಲು ತಾಕುವ ಕೈ, ಕುತ್ತಿಗೆಗಳ ಚರ್ಮವು ಕಪ್ಪಾಗಿ ಒರಟಾಗುವುದು, ಭೇದಿ, ಮನಸ್ಸಿನ ಕಳವಳ ಇವು ಅದರ ಲಕ್ಷಣಗಳು. ನಯಾಸಿನ್ ಎಂಬ ಜೀವಸತ್ತ್ವದ ಕೊರತೆಯಿಂದ ಇದು ಬರುತ್ತದೆ. ಶರೀರವು ಟ್ರಿಪ್ಟೋಫ್ಯಾನಿನಿಂದ ನಯಾಸಿನ್ನನ್ನು ತಯಾರಿಸಿಕೊಳ್ಳಲೂ ಬಲ್ಲದು. ವಿಚಿತ್ರವೆಂದರೆ ಜೋಳದಲ್ಲಿ ಇವೆರಡೂ ಅಷ್ಟೇನೂ ಕಡಿಮೆಯಿಲ್ಲ. ಹಾಗಾದರೆ ರೋಗವೇಕೆ? ಹೈದರಾಬಾದಿನ ಪೌಷ್ಟಿಕ ಸಂಶೋಧನಾಲಯದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಅವರು ಜೋಳದ ಅಮೈನೋ ಆಮ್ಲಗಳ ಪಟ್ಟಿಯಲ್ಲಿ ಕಡಿಮೆಯಾದುದನ್ನು ಹುಡುಕುವುದನ್ನು ಬಿಟ್ಟು ಹೆಚ್ಚಾದುದರ ಮೇಲೆ ಬೆರಳಿಟ್ಟರು. ಜೋಳದಲ್ಲಿ ಲ್ಯೂಸಿನ್ ವಿಪರೀತ. ಅದು ಟ್ರಿಪ್ಟೋಫ್ಯಾನಿನ ಕೆಲಸಕ್ಕೆ ಅಡ್ಡಬರುತ್ತಿರಬಹುದೆಂದು 1960ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವಾದಿಸಿದರು. ಮುಂದೆ ಬೇರೆ ಕಡೆಗಳ ಪ್ರಯೋಗಗಳಲ್ಲೆಲ್ಲ ಇದೇ ಫಲ ಬರಲಿಲ್ಲವಾದುದರಿಂದ ಚರ್ಚೆ ಪೂರ್ತಿ ತೀರಲಿಲ್ಲ. ಹಾಗೆಂದು ಹುಲಸೂರಿನವರು ರೊಟ್ಟಿಯನ್ನು ಕಂಡು ಬೆದರಬೇಕಾದುದೇನೂ ಇಲ್ಲ. ಪಕ್ಕದಲ್ಲಿ ಬೇಳೆಯೂ ಸೊಪ್ಪೂ ಮಜ್ಜಿಗೆಯೂ ಇದ್ದ ಮನೆಗಳಿಗೆ ಈ ರೋಗ ಕಾಲಿಡುತ್ತಿರಲಿಲ್ಲ. ರೊಟ್ಟಿಯ ಪಕ್ಕದಲ್ಲಿ ಬರಿಯ ಖಾರ ಮಾತ್ರ ಇದ್ದ ಮನೆಗಳನ್ನು ಅದು ಹುಡುಕಿಕೊಂಡು ಹೋಗುತ್ತಿತ್ತು.

ಗುಂಡುಗಳ ಎಣಿಕೆ ಗೊತ್ತಾದರೆ ಸರವು ಗೊತ್ತಾದಂತೆಯೆ? ಅಲ್ಲ. ‘ಕಮಲ’ದಲ್ಲಿರುವ ಮೂರು ಅಕ್ಷರಗಳೇ ‘ಕಲಮ’ದಲ್ಲಿಯೂ ಇವೆ, ಒಂದು ಹೂವು, ಇನ್ನೊಂದು ಲೇಖನಿ. ಪ್ರೋಟೀನಿನ ಗುಣವೂ ಕ್ರಮವನ್ನು ಅನುಸರಿಸಿದೆ. ಈ ಕ್ರಮವನ್ನು ಮೊತ್ತಮೊದಲು ಓದಿದವರು ಕೇಂಬ್ರಿಜ್ಜಿನ ಫ್ರೆಡರಿಕ್ ಸ್ಯಾಂಗರ್. ಅವರು ಆರಿಸಿಕೊಂಡುದು ಮಧುಮೇಹದ ರೋಗಿಗಳ ಜೀವಾಧಾರವಾದ ಇನ್ಸುಲಿನ್ನನ್ನು. ಸರದ ತುದಿಯ ಗುಂಡಿಗೆ ಹಳದಿಯ ಬಣ್ಣ ಕಟ್ಟಿ, ಸರವನ್ನು ಅರ್ಧಂಬರ್ಧ ಕಡಿದು, ತುಂಡುಗಳನ್ನು ಕಾಗದದ ಮೇಲೆ ಬೇರ್ಪಡಿಸಿ, ಒಂದೊಂದು ತುಂಡಿನಲ್ಲೂ ಮೊದಲನೆಯದು ಯಾವುದೆಂದು ನೋಡುತ್ತ ಹೋದರು. ಹರಿದ ಕಾಗದದಲ್ಲಿ ‘ಬಸವಕ’ ಎಂಬ ಚೂರು, ‘ವಕಲ್ಯಾ’ ಎಂಬ ಚೂರು, ‘ಲ್ಯಾಣ’ ಎಂಬ ಚೂರು ಸಿಕ್ಕರೆ ಬಸವಕಲ್ಯಾಣವೆಂದು ಓದಲು ತಡವಾಗದು. ಒಂದರ ಬಾಲವು ಇನ್ನೊಂದರ ತಲೆಯ ಮೇಲೆ ಕೂರುತ್ತದೆ. ಇನ್ಸುಲಿನ್ನಿನ 51 ಅಕ್ಷರಗಳನ್ನು ಹೀಗೆ ಕೂಡಿಸಿ ಓದಲು ಹತ್ತು ವರ್ಷವೇ ಹಿಡಿಯಿತು. 1955ರಲ್ಲಿ ಕೆಲಸ ಮುಗಿದು, 1958ರಲ್ಲಿ ನೊಬೆಲ್ ಪಾರಿತೋಷಿಕ ಬಂದಿತು.

ಸ್ವೀಡನ್ನಿನ ಪೇರ್ ಎಡ್ಮನ್ 1950ರಲ್ಲಿಯೇ ಇನ್ನೂ ಅಚ್ಚುಕಟ್ಟಾದ ಹಾದಿಯನ್ನು ತೋರಿಸಿದ್ದರು. ಇಡೀ ಸರವನ್ನು ಒಡೆಯದೆ ತುದಿಯ ಒಂದೇ ಒಂದು ಗುಂಡನ್ನು ಬಿಡಿಸಿ ಗುರುತಿಸುವುದು, ಅನಂತರ ಎರಡನೆಯದು, ಮೂರನೆಯದು: ಜಪಮಾಲೆಯ ಮಣಿ ಎಣಿಸಿದಂತೆ. 1967ರಲ್ಲಿ ಇದಕ್ಕೊಂದು ಯಂತ್ರವನ್ನೂ ಮಾಡಿದರು. ಆದರೆ ಪ್ರತಿ ಸುತ್ತಿನಲ್ಲಿಯೂ ನೂರಕ್ಕೆ ಎರಡು ಸರಗಳು ತಪ್ಪಿಹೋದರೂ ಐವತ್ತು ಸುತ್ತಿನ ಮೇಲೆ ಸರಿಯಾಗಿ ಉಳಿಯುವುವು 36 ಮಾತ್ರ. ಆದುದರಿಂದ ಉದ್ದನೆಯ ಸರಗಳನ್ನು ಕಡಿದು ತುಂಡುತುಂಡಾಗಿ ಓದುವುದು ತಪ್ಪಲಿಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದವರು ಹುರಳಿಕಾಳಿನಲ್ಲಿರುವ, ಜೀರ್ಣಶಕ್ತಿಗೆ ತಡೆಯೊಡ್ಡುವ ಒಂದು ಪುಟ್ಟ ಪ್ರೋಟೀನಿನ 76 ಅಕ್ಷರಗಳನ್ನು 1990ರ ದಶಕದಲ್ಲಿ ಓದಿ ಮುಗಿಸಿದರು. ಈಚೆಗೆ ಈ ಓದೆಲ್ಲ ಹೆಚ್ಚಾಗಿ ಜೀನುಗಳ ಮೂಲಕವೂ ತೂಕದ ಯಂತ್ರಗಳ ಮೂಲಕವೂ ನಡೆಯುತ್ತಿದೆ. ಅಣುವಿನ ತುಂಡುಗಳನ್ನು ತೂಗಿ ಗುಂಡನ್ನು ಹೇಳುವ ಯಂತ್ರವದು. ಅಂತಹ ಯಂತ್ರಕ್ಕೂ ಲ್ಯೂಸಿನ್ ಮತ್ತು ಅದರ ಅವಳಿಯಾದ ಐಸೋಲ್ಯೂಸಿನ್ ಎದುರಿಗೆ ಬಂದರೆ ತಬ್ಬಿಬ್ಬು. ಇಬ್ಬರದೂ ಒಂದೇ ತೂಕ.

ಈಗ ಕೇಸರಿ ಬೇಳೆಗೆ ಹಿಂತಿರುಗಬೇಕು. ಮಳೆ ಕೈಕೊಟ್ಟ ವರ್ಷದಲ್ಲಿ ಬೇರೆ ಬೆಳೆಗಳೆಲ್ಲ ಒಣಗಿದರೂ ಕೇಸರಿ ಮಾತ್ರ ಹಸುರಾಗಿ ನಿಲ್ಲುತ್ತದೆ. ಅದೇ ಅದರ ಪುಣ್ಯ, ಅದೇ ಪಾಪ. 1830ರ ಸುಮಾರಿನಲ್ಲಿ ಮಧ್ಯಭಾರತದ ಸಾಗರ ಪ್ರಾಂತದಲ್ಲಿ ಗೋಧಿ ಕೆಟ್ಟಾಗ ಜನರು ಇದನ್ನೇ ತಿಂದು, ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿದುದನ್ನು ಸ್ಲೀಮನ್ ಎಂಬ ಆಂಗ್ಲ ಅಧಿಕಾರಿ ಬರೆದಿಟ್ಟಿದ್ದಾನೆ. ಮಧ್ಯಪ್ರದೇಶದ ರೀವಾ ಸೀಮೆಯಲ್ಲಿ ಜೀತದಾಳುಗಳಿಗೆ ಕೂಲಿಯಾಗಿ ಅಳೆಯುತ್ತಿದ್ದುದೂ ಇದೇ ಕಾಳು. ಎರಡು ಮೂರು ತಿಂಗಳು ಇದನ್ನೇ ಉಂಡವನು ಒಂದು ದಿನ ಏಳುವಾಗ ಕಾಲುಗಳು ಬಿಗಿದುಕೊಂಡಿರುತ್ತವೆ. ಮೊದಲು ಒಂದು ಕೋಲು, ಆಮೇಲೆ ಎರಡು ಕೋಲು, ಕೊನೆಗೆ ನೆಲದ ಮೇಲೆ ತೆವಳುವಿಕೆ. ಕೈ ಸರಿಯಾಗಿದೆ, ಬುದ್ಧಿ ಸರಿಯಾಗಿದೆ. ಕಾಲು ಮಾತ್ರ ಮತ್ತೆ ಸರಿಯಾಗದು. ಹೆಚ್ಚಾಗಿ ಇದಕ್ಕೆ ಬಲಿಯಾದವರು ದುಡಿಯುವ ವಯಸ್ಸಿನ ಗಂಡಸರು.

ವಿಷ ಯಾವುದೆಂದು ಹುಡುಕಿದವರು ಬಹುಕಾಲ ಅಡ್ಡದಾರಿ ಹಿಡಿದರು. ಕೇಸರಿಯ ಬಂಧುವಾದ, ತೋಟಗಳಲ್ಲಿ ಹೂವಿಗಾಗಿ ಬೆಳೆಸುವ ಒಂದು ಬಳ್ಳಿಯಲ್ಲಿ ಅಮೆರಿಕದವರು ವಿಷವೊಂದನ್ನು ಕಂಡುಹಿಡಿದರು. ಆದರೆ ಅದು ಇಲಿಗಳ ಮೂಳೆಯನ್ನು ಕೆಡಿಸಿತು, ನರಗಳನ್ನಲ್ಲ. ಕೇಸರಿಯಲ್ಲಿ ಅದು ಇರಲೂ ಇಲ್ಲ. ಪ್ರೋಟೀನನ್ನು ಕುದಿಸಿ ಗುಂಡುಗಳನ್ನು ಎಣಿಸಿದವರಿಗೂ ಏನೂ ದಕ್ಕುವಂತಿರಲಿಲ್ಲ. ಏಕೆಂದರೆ ಈ ವಿಷವು ಯಾವ ಸರದಲ್ಲಿಯೂ ಪೋಣಿಸಲ್ಪಟ್ಟಿರಲಿಲ್ಲ. ಬೀಜದೊಳಗೆ ಬಿಡಿಯಾಗಿಯೇ ಇದ್ದ ಒಂದು ಗುಂಡು ಅದು, ಇಪ್ಪತ್ತರ ಪಟ್ಟಿಗೆ ಸೇರದ ಒಂದು ಅಮೈನೋ ಆಮ್ಲ. ಸಾಲದುದಕ್ಕೆ, ಆಮ್ಲದಲ್ಲಿ ಕುದಿಸಿದರೆ ಒಡೆದು ಗುರುತೇ ಸಿಗದಂತೆ ಹೋಗುವಂತಹುದು.

ಬೆಂಗಳೂರಿನ ಅದೇ ಜೀವರಸಾಯನ ವಿಭಾಗದಲ್ಲಿ ಎಸ್. ಎಲ್. ಎನ್. ರಾವ್, ಪಿ. ಆರ್. ಅಡಿಗ, ಪಿ. ಎಸ್. ಶರ್ಮ ಈ ಮೂವರು ಕ್ರಮವನ್ನು ತಿರುಗಿಸಿದರು. ಕುದಿಸುವ ಮೊದಲು ಬೇರ್ಪಡಿಸಿದರು. ಬೀಜದ ಹಿಟ್ಟನ್ನು ನೀರು ಬೆರೆಸಿದ ಮದ್ಯಸಾರದಲ್ಲಿ ನೆನೆಯಿಸಿ ಬಿಡಿಯಾದುವುಗಳನ್ನು ಹೊರತೆಗೆದು, ರಾಳದ ಕಂಬಗಳಲ್ಲಿ ಹಾಯಿಸಿ, ಒಂದೊಂದು ಪಾಲನ್ನೂ ಒಂದು ದಿನದ ಕೋಳಿಮರಿಗಳಿಗೆ ಕೊಟ್ಟು ನೋಡಿದರು. ಒಂದು ಪಾಲಿಗೆ ಮಾತ್ರ ಮರಿಗಳು ಕುತ್ತಿಗೆ ತಿರುಚಿ ನಡುಗಿದುವು. ನಿನ್‌ಹೈಡ್ರಿನ್ನಿಗೆ ಬಣ್ಣ ಕೊಡುವ ಶುದ್ಧ ಪದಾರ್ಥವು ಕೈಗೆ ಬಂದಿತು. ಅನಂತರವೇ ಅದನ್ನು ಆಮ್ಲದಲ್ಲಿ ಒಡೆದರು. ಸಿಕ್ಕಿದ ಎರಡು ತುಂಡುಗಳು ಆಕ್ಸಾಲಿಕ್ ಆಮ್ಲ ಮತ್ತು ಡೈಅಮೈನೋಪ್ರೊಪಿಯಾನಿಕ್ ಆಮ್ಲ. 1964ರಲ್ಲಿ ‘ಬಯೋಕೆಮಿಸ್ಟ್ರಿ’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಅದೇ ವರ್ಷ ದೆಹಲಿಯಲ್ಲಿ ಮೂರ್ತಿ, ಶೇಷಾದ್ರಿ, ವೆಂಕಟಸುಬ್ರಹ್ಮಣ್ಯನ್ ಅವರೂ ಇದೇ ಪದಾರ್ಥವನ್ನು ಮುಟ್ಟಿದ್ದರು. ಉದ್ದನೆಯ ಹೆಸರನ್ನು ಸಂಕ್ಷೇಪಿಸಿ ಇದನ್ನು ಓಡ್ಯಾಪ್ ಎನ್ನುತ್ತಾರೆ. ಕೇಂದ್ರ ಸರ್ಕಾರವು ಕೇಸರಿ ಬೇಳೆಯ ಮಾರಾಟವನ್ನು 1961ರಲ್ಲಿಯೇ ನಿಷೇಧಿಸಿತ್ತು, ಕೆಲವು ರಾಜ್ಯಗಳು ಜಾರಿಗೆ ತರಲಿಲ್ಲ. ನಿಷೇಧಕ್ಕೆ ಹೆಸರುಳ್ಳ ಕಾರಣ ದೊರೆತುದು ಮೂರು ವರ್ಷಗಳ ಮೇಲೆ.

ಹೆಸರು ದೊರೆತಮೇಲೆ ಅದನ್ನು ಅಳೆಯುವುದು ಸಾಧ್ಯವಾಯಿತು. ಅಳೆಯುವುದು ಸಾಧ್ಯವಾದಮೇಲೆ ಕಡಿಮೆ ವಿಷವುಳ್ಳ ಗಿಡಗಳನ್ನು ಆರಿಸುವುದೂ ಸಾಧ್ಯವಾಯಿತು. ರತನ್, ಪ್ರತೀಕ್, ಮಹಾತೇವಡಾ ಎಂಬ ತಳಿಗಳು ಹೀಗೆ ಬಂದವು. ಬಿಡಿಯಾಗಿರುವುದರಿಂದ ಓಡ್ಯಾಪ್ ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಬೇಳೆಯನ್ನು ಧಾರಾಳ ನೀರಿನಲ್ಲಿ ಕುದಿಸಿ ಆ ನೀರನ್ನು ಬಸಿದು ಚೆಲ್ಲಿದರೆ ವಿಷದ ಬಹುಪಾಲು ಹೊರಟುಹೋಗುತ್ತದೆ. ಆದರೆ ಬೇಳೆ ಬೇಯಿಸಿದ ಕಟ್ಟನ್ನು ಚೆಲ್ಲುವ ಅಭ್ಯಾಸ ಬಡವರ ಮನೆಯಲ್ಲಿ ಎಲ್ಲಿಯದು? ಬರಗಾಲದಲ್ಲಿ ನೀರಿಗೂ ಸೌದೆಗೂ ಅಷ್ಟೇ ಬರ.

ಹುಲಸೂರಿನ ಅಂಗಡಿಯ ಮುಂದೆ ಬೇಳೆಯನ್ನು ಅಂಗೈಯಲ್ಲಿ ಹಿಡಿದವಳಿಗೆ ಇಷ್ಟು ಗುರುತು ಸಾಕು: ತೊಗರಿಯ ಬೇಳೆಯ ಅಂಚು ದುಂಡಗೆ ಹೊರಳುತ್ತದೆ, ಕೇಸರಿಯ ಬೇಳೆಗೆ ಒಂದು ಕಡೆ ಬೆಣೆಯಂತೆ ಇಳಿಜಾರಾದ ಮೂಲೆಯಿರುತ್ತದೆ. ಅಂತಹವು ಹಿಡಿಯಲ್ಲಿ ನಾಲ್ಕು ಕಂಡರೆ, ಹರಳಿಲ್ಲವೆಂಬ ಮಾತಿಗೆ ಮರುಳಾಗದೆ, ಬೇಳೆಯನ್ನು ಮರಳಿ ಚೀಲಕ್ಕೆ ಸುರಿದು ಪಕ್ಕದ ಅಂಗಡಿಗೆ ನಡೆಯಬಹುದು.